ಕೀಲಿನೊಳಗಿನ ಉಸುಕು

ಸರುಬಾಯಿಯ ಕೈಗಳು ಸಣ್ಣವು. ಹುಮನಾಬಾದಿನ ಜಹೀರುದ್ದೀನ್ ಉಸ್ತಾದನ ಮೋಟಾರು ಕಾರ್ಖಾನೆಯಲ್ಲಿ ಅವಳಿಗೆ ಕೆಲಸ ಸಿಕ್ಕಿದ್ದು ಆ ಕೈಗಳಿಂದಲೇ. ಗಾಡಿಯ ಹೊಟ್ಟೆಯಲ್ಲಿ ಗಂಡಸರ ಮುಷ್ಟಿ ಹೋಗದ ಸಂದುಗಳಿರುತ್ತವೆ. ಅಲ್ಲಿ ಅವಳ ಬೆರಳು ಹೋಗುತ್ತಿದ್ದವು. ಅಂಗಾತ ಮಲಗಿ, ಮುಖದ ಮೇಲೆ ಮಣ್ಣು ಉದುರಿಸಿಕೊಂಡು, ಅವಳು ಕೀಲುಗಳಿಗೆ ಗ್ರೀಸು ತುಂಬುತ್ತಿದ್ದಳು. ಬಿಚ್ಚಿದ ಸಾಮಾನುಗಳನ್ನು ದೀಪದ ಚಿಮಣಿ ಎಣ್ಣೆಯಲ್ಲಿ ತೊಳೆಯುತ್ತಿದ್ದಳು.

ಇದು ಉಸ್ತಾದ ಹೇಳುತ್ತಿದ್ದ ಕಾರಣ. ಊರಿಗೆ ಗೊತ್ತಿದ್ದ ಕಾರಣ ಇನ್ನೊಂದು. ಗ್ರೀಸಿಗೆ ಊರವರು ಚರಬಿ ಅನ್ನುತ್ತಿದ್ದರು. ಅದು ದನದ ಕೊಬ್ಬು ಎಂದು ನಂಬಿದ್ದರು. ಮೋಟಾರಿನಲ್ಲಿ ಕೂಡಲು ಎಲ್ಲರಿಗೂ ಆಸೆ. ಮೋಟಾರಿನ ಕೀಲಿಗೆ ಕೈ ಹಾಕಲು ಯಾರೂ ತಯಾರಿಲ್ಲ. ಸರುಬಾಯಿ ಮಾದರ ಕೇರಿಯವಳು. ಚರಬಿ ಅವಳ ಪಾಲಿಗೆ ಬಂತು.

ಕೆಲಸ ಮುಗಿದ ಮೇಲೆ ಅವಳು ಕೈ ತೊಳೆಯುತ್ತಿದ್ದಳು. ಮೊದಲು ಬೂದಿಯಲ್ಲಿ, ಆಮೇಲೆ ಕಡಲೆ ಹಿಟ್ಟಿನಲ್ಲಿ, ಆಮೇಲೆ ಬೇವಿನ ಸೊಪ್ಪಿನಲ್ಲಿ. ಆದರೂ ವಾಸನೆ ಹೋಗುತ್ತಿರಲಿಲ್ಲ. ಏಳು ತಿಂಗಳ ಮಗಳು ಸೋನಿ ಮೊಲೆಗೆ ಬಾಯಿ ಹಚ್ಚಿದ್ದರೂ ತಾಯಿಯ ಕೈ ಮೂಗಿನ ಹತ್ತಿರ ಬಂದ ಕೂಡಲೇ ಮುಖ ತಿರುವುತ್ತಿತ್ತು. ಅದಕ್ಕೆ ಸರುಬಾಯಿ ಮಗುವನ್ನು ತೊಡೆ ಮೇಲೆ ಮಲಗಿಸಿ, ತನ್ನ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, ಬಗ್ಗಿ ಹಾಲು ಕುಡಿಸುವುದನ್ನು ಕಲಿತಿದ್ದಳು. ತಪ್ಪು ಮಾಡಿದವರನ್ನು ನಿಲ್ಲಿಸುತ್ತಾರಲ್ಲ, ಹಾಗೆ.

ಆ ದಿನ ಬೆಳಗ್ಗೆ ಅವಳು ಹಾಗೆ ಬಗ್ಗಿ ಕುಳಿತಿದ್ದಾಗ ಉಸ್ತಾದ ಬಂದ. ಕಾರ್ಖಾನೆಯ ಹಿಂದಿನ ಬೇವಿನ ಗಿಡದ ಕೆಳಗೆ, ಅವಳಿಗೆ ಬೆನ್ನು ಮಾಡಿ ನಿಂತು ಹೇಳಿದ.

"ಸರೂ, ಮಾರುತಿ ಕಲ್ಯಾಣದಾಗ ಸಿಕ್ಕೊಂಡಾನ. ದೇಶಮುಖರ ವಾಡೇದಾಗ ಹಿಡಿದು ಇಟ್ಟಾರ."

ಮಾರುತಿ ಅವಳ ಗಂಡ. ಚಕ್ಕಳದ ಕೆಲಸದವನು. ಬಾವಿಯಿಂದ ನೀರೆತ್ತುವ ತೊಗಲಿನ ಮೊಟ್ಟೆ ಹೊಲಿಯುತ್ತಿದ್ದ. ಉಸ್ತಾದನ ಗಾಡಿಗಳಿಗೆ ಬೇಕಾದ ಚರ್ಮದ ವಾಷರು ಕತ್ತರಿಸಿ ಕೊಡುತ್ತಿದ್ದ. ನಿನ್ನೆ ಕಲ್ಯಾಣದ ಸಂತೆಗೆ ಚಕ್ಕಳ ತರಲು ಹೋದವನು ಮನೆಗೆ ಬಂದಿರಲಿಲ್ಲ.

"ಯಾಕ?"

"ಮೊನ್ನೆ ಅವರ ಮೋಟಾರು ಮುರೀತಂತ. ಅವರ ತಾಯಿ ಆಯಿಸಾಹೇಬ್ರು ತುಳಜಾಪುರಕ್ಕ ಹೊಂಟಿದ್ರು. ಏರಿನ ಮ್ಯಾಲ ಹಿಂದಿನ ಕೀಲು ಕಡಕ್ ಅಂತು. ಗಾಡಿ ಹಿಂದಕ್ಕ ಜಾರಿ ಒಡ್ಡಿಗೆ ಬಡೀತು. ಮುದುಕಿ ಹಣಿ ಒಡೀತು. ಉಳ್ಳಾಗಡ್ಡಿ ಬಂಡಿ ಮ್ಯಾಲ ಮನೀಗೆ ಬಂದ್ರಂತ. ಕೀಲಿನಾಗ ಚರಬಿ ತುಂಬಿದಾಕಿ ನೀನು. ವಾಷರು ಕೊಟ್ಟಾಂವ ಅವನು. ಚರಬಿಯೊಳಗ ನೀನು ಉಸುಕು ಕಲಸಿದಿ ಅಂತಾರ."

"ಯಾಕ ಕಲಸ್ಲಿ?"

"ಯಾಕ ಅಂತ ಯಾರೂ ಕೇಳಿಲ್ಲ, ಬೇಟಿ."

ಸಂಕ್ರಾಂತಿಯ ಹೊತ್ತಿಗೆ ಆ ಮೋಟಾರು ಬಂದಿದ್ದು ಅವಳಿಗೆ ನೆನಪಿತ್ತು. ಹಸಿರು ಬಣ್ಣ, ಕೆಂಪು ಮಕಮಲ್ಲಿನ ಗಾದಿ. ಅವಳು ಕೀಲನ್ನು ತೊಳೆದಿದ್ದಳು. ಮಗುವಿನ ಕಿವಿ ತೊಳೆದ ಹಾಗೆ, ಸಂದು ಸಂದಿಗೆ ಬಟ್ಟೆ ಸುತ್ತಿದ ಬೆರಳು ಹಾಕಿ. ಗ್ರೀಸನ್ನು ಅಂಗೈಯಲ್ಲಿ ತಿಕ್ಕಿ ತಿಕ್ಕಿ ನೋಡಿ ತುಂಬಿದ್ದಳು. ಉಸುಕಿನ ಒಂದು ಕಾಳು ಇದ್ದರೂ ಅವಳ ಅಂಗೈಗೆ ಗೊತ್ತಾಗುತ್ತಿತ್ತು.

"ಕೀಲು ಬಿಚ್ಚಿ ನೋಡ್ಯಾರೇನು?"

"ಇಲ್ಲ. ಹಿಂದಿನ ಅಚ್ಚು ಇಳಿಸದ ಆ ಕೀಲು ಕಣ್ಣಿಗೆ ಬೀಳಂಗಿಲ್ಲ. ನಿನಗೂ ಗೊತ್ತು."

"ಬಿಚ್ಚದನ ಉಸುಕು ಹ್ಯಾಂಗ ಕಂಡ್ತು?"

ಉಸ್ತಾದ ಕೆಟ್ಟವನಲ್ಲ. ಬದುಕಿ ದಣಿದವನು. "ನನ್ನ ಮಾತು ಕೇಳು. ಹೋಗಿ ಮೂಗು ತಿಕ್ಕು. ತಪ್ಪಾತು ಅನ್ನು. ಮೂಗಿಗೆ ಹತ್ತಿದ ಮಣ್ಣು ತೊಳದ್ರ ಹೋಗ್ತದ. ಅವನ ಬೆನ್ನ ಮ್ಯಾಲ ಕಲ್ಲು ಹೇರ್ಯಾರ."

ಸರುಬಾಯಿ ಮಗುವಿನ ಬಾಯಿಂದ ಮೊಲೆ ಬಿಡಿಸಿಕೊಂಡಳು. ಮಗು ಅತ್ತಿತು. ಅವಳು ಸೀರೆ ಸರಿಮಾಡಿಕೊಂಡು ಎದ್ದಳು.

"ಉಸ್ತಾದ, ದೊಡ್ಡ ಪಾನಾ ತಗೋರಿ. ಜಾಕು ತಗೋರಿ. ಅಚ್ಚು ಇಳಿಸೋಣು."

ಉಸ್ತಾದನ ಹೆಂಡತಿ ಬೀಬಿಜಾನ ಮಗುವನ್ನು ತೆಗೆದುಕೊಂಡಳು. "ಆಡಿನ ಹಾಲು ಕಾಸಿ ಅರಿವಿ ಬತ್ತಿಯಿಂದ ಕುಡಸ್ತೀನಿ. ನೀ ಹೋಗು. ಅವರ ಮುಂದ ಅಳಬ್ಯಾಡ. ಅಳೂದಿದ್ರ ಇಲ್ಲೇ ಅತ್ತು ಹೋಗು," ಅಂದಳು.

ಸರುಬಾಯಿ ಅಳಲಿಲ್ಲ. ಹೊತ್ತಿರಲಿಲ್ಲ.

ಕಲ್ಯಾಣಕ್ಕೆ ಹೋಗುವ ಸರ್ವಿಸ್ ಮೋಟಾರಿನಲ್ಲಿ ಉಸ್ತಾದ ಒಳಗೆ ಕುಳಿತ. ಅವಳು ಮೇಲೆ, ಕೋಳಿ ಬುಟ್ಟಿಗಳ ನಡುವೆ. ಮಡಿಲಲ್ಲಿ ಗ್ರೀಸಿನ ಡಬ್ಬಿ. ಯುರೋಪಿನಲ್ಲಿ ಲಡಾಯಿ ಶುರುವಾದ ಮೇಲಿನ ಎರಡನೆಯ ಬೇಸಿಗೆ ಅದು. ಬಿಸಿಲಿಗೆ ತಗಡು ಕಾದಿತ್ತು. ಕೂಡಲು ಆಗುತ್ತಿರಲಿಲ್ಲ. ಅವಳು ಕುಕ್ಕುರುಗಾಲಿನಲ್ಲಿ ಕುಳಿತು, ತನ್ನ ಕೆಲಸವನ್ನು ಮನಸ್ಸಿನಲ್ಲಿ ಮೊದಲಿಂದ ಕಡೆಯವರೆಗೆ ಬಿಚ್ಚಿ ನೋಡಿದಳು. ತೊಳೆದದ್ದು. ಒರೆಸಿದ್ದು. ತುಂಬಿದ್ದು. ಮಾರುತಿ ಕತ್ತರಿಸಿದ ಚರ್ಮದ ವಾಷರನ್ನು ಇಟ್ಟು ಬಿರಡೆ ತಿರುವಿದ್ದು. ಎಲ್ಲೂ ತಪ್ಪಿರಲಿಲ್ಲ.

*

ವಾಡೆಯ ಅಂಗಳದಲ್ಲಿ ಹುಣಸೆ ಮರವಿತ್ತು. ಮರದ ನೆರಳಲ್ಲಿ ಮೋಟಾರು ನಿಂತಿತ್ತು. ಬಿಸಿಲಲ್ಲಿ ಮಾರುತಿ ನಿಂತಿದ್ದ.

ನಿಂತಿದ್ದ ಅನ್ನುವುದೂ ಸುಳ್ಳು. ಎರಡು ಮಡಿಕೆಯಾಗಿ ಬಗ್ಗಿ ತನ್ನ ಕಾಲ್ಬೆರಳು ಹಿಡಿದುಕೊಂಡಿದ್ದ. ಬೆನ್ನ ಮೇಲೆ ಒಡೆದ ಬೀಸುಕಲ್ಲಿನ ಹೋಳು. ಅಂಗಿ ಇರಲಿಲ್ಲ. ಕಲ್ಲಿನ ಅಂಚು ಕೂತ ಕಡೆ ಚರ್ಮ ಸುಲಿದು ನೊಣ ಮುತ್ತಿದ್ದವು. ರಾತ್ರಿ ಕೊಟ್ಟಿಗೆಯಲ್ಲಿ ಕೂಡಿಹಾಕಿ, ಹೊತ್ತು ಹುಟ್ಟಿದ ಮೇಲೆ ಮತ್ತೆ ಹೊರಿಸಿದ್ದರು. ಮೂಗಿನಿಂದ ಬೆವರು ಹನಿದು ನೆಲದಲ್ಲಿ ಸಣ್ಣ ಗುಳಿ ಬಿದ್ದಿತ್ತು.

ಅವಳ ಕಾಲು ತಾವಾಗಿ ಅವನ ಕಡೆ ಹೋದವು. ವಾಡೆಯ ಕಾರಭಾರಿ ಬಕ್ಕಪ್ಪ ಚಬಕದ ಚಾಟಿ ಅಡ್ಡ ಹಿಡಿದ.

"ಬಂದಳು ನೋಡ್ರಿ, ಉಸುಕಿನ ರಾಣಿ," ಅಂದ. ಕಟ್ಟೆಯ ಮೇಲೆ ಎಲೆ ಅಡಿಕೆ ಜಗಿಯುತ್ತಿದ್ದ ದೇಶಮುಖರು ತಲೆ ಎತ್ತಿ ನೋಡಿದರು. ಬಕ್ಕಪ್ಪ ಚಬಕದ ಹಿಡಿಕೆಯಿಂದ ಅಗಸೆ ಬಾಗಿಲಿನಿಂದ ಕಟ್ಟೆಯವರೆಗೆ ಮಣ್ಣಿನಲ್ಲಿ ಗೆರೆ ಎಳೆದ. "ಇಲ್ಲಿಂದ ಅಲ್ಲೀ ತನಕ ಮೂಗು ತಿಕ್ಕೊಂಡು ಹೋಗು. ಉಸುಕು ಹಾಕಿದ್ದು ನಾನೇ, ತಪ್ಪಾತು ಅನ್ನು. ಗಂಡನ್ನ ಕರಕೊಂಡು ನಡಿ. ನಮಗೂ ಬ್ಯಾರೆ ಕೆಲಸ ಅದ."

ಉಸ್ತಾದ ಅವಳನ್ನು ನೋಡಿದ. ಅವನ ಕಣ್ಣು ತಿಕ್ಕು ಅನ್ನುತ್ತಿದ್ದವು.

ಗೆರೆ ಉದ್ದವಾಗಿರಲಿಲ್ಲ. ನಲವತ್ತು ಹೆಜ್ಜೆ ಇರಬಹುದು. ಸರುಬಾಯಿ ಅದನ್ನು ನೋಡಿದಳು. ಮಾರುತಿಯನ್ನು ನೋಡಿದಳು. ಅವಳು ಒಂದು ಮೊಣಕಾಲನ್ನು ಗೆರೆಯ ಕಡೆ ಬಗ್ಗಿಸಿದಳು. ಅದನ್ನು ಅವಳು ಮುಂದೆ ಯಾರಿಂದಲೂ ಮುಚ್ಚಿಡಲಿಲ್ಲ. ಮನುಷ್ಯಳು, ಬಗ್ಗಿಸಿದಳು.

ಆಗ ಕಲ್ಲಿನ ಕೆಳಗಿನಿಂದ ದನಿ ಬಂತು.

"ಸರೂ, ತಿಕ್ಕಬ್ಯಾಡ."

ಬಕ್ಕಪ್ಪ ಅವನ ಕಾಲಿಗೆ ಬಾರಿಸಿದ. ಕಲ್ಲು ಅಲುಗಿತು, ಬೀಳಲಿಲ್ಲ. ಬಿದ್ದರೆ ಇನ್ನೂ ದೊಡ್ಡ ಕಲ್ಲು ಎಂದು ಅವನಿಗೆ ಹೇಳಿದ್ದರು.

ಸರುಬಾಯಿ ನೆಟ್ಟಗಾದಳು. ಅವಳು ದೇಶಮುಖರ ಕಡೆ ತಿರುಗಿದಳು. "ಧಣ್ಯಾರ, ಅಚ್ಚು ಇಳಿಸಿ ನೋಡ್ರಿ. ನಿಮ್ಮ ಮುಂದ, ನಿಮ್ಮ ಮಂದಿ ಮುಂದ. ಕೀಲಿನಾಗ ಉಸುಕಿನ ಒಂದು ಕಾಳು ಸಿಕ್ಕರ ಈ ಕೈ ತಗೋರಿ. ಎರಡೂ ತಗೋರಿ."

"ನಿನ್ನ ಕೈ ತಗೊಂಡು ನಾವೇನು ಮಾಡೂಣು?" ಬಕ್ಕಪ್ಪ ನಕ್ಕ. "ನಾಯಿಗೆ ಹಾಕಬೇಕು. ಅದೂ ಮೂಸಂಗಿಲ್ಲ."

ದೇಶಮುಖರು ಪೀಕದಾನಿಗೆ ಉಗುಳಿದರು. ಲಡಾಯಿಯಿಂದ ಹೊಸ ಗಾಡಿ ಬರುವುದು ನಿಂತಿತ್ತು. ಬಿಡಿ ಸಾಮಾನು ಬರುವುದೂ ನಿಂತಿತ್ತು. ಆ ಗಾಡಿಯನ್ನು ಬಿಚ್ಚಿ ಹೊಂದಿಸದೆ ಬೇರೆ ದಾರಿ ಇರಲಿಲ್ಲ. "ಬಿಚ್ಚಲಿ," ಅಂದರು. "ಹ್ಯಾಂಗೂ ಬಿಚ್ಚೂದೇ ಅದ."

"ಕಲ್ಲು ಇಳಸ್ರಿ ಮೊದಲ."

"ಕೀಲು ನೋಡಿದ ಮ್ಯಾಲ."

ಬಕ್ಕಪ್ಪ ಮೋಟಾರಿನ ಮೆಟ್ಟಿಲ ಹತ್ತಿರ ನಿಂತು ಕಟ್ಟಳೆ ಹೇಳಿದ. "ಈ ಮೆಟ್ಟಿಲದಿಂದ ಮ್ಯಾಲ ನಿನ್ನ ಕೈ ಹತ್ತಬಾರ್ದು. ಬಣ್ಣಕ್ಕ ಹತ್ತಬಾರ್ದು. ಗಾದಿ ಕಡೆ ನೋಡಬಾರ್ದು. ಅದು ಆಯಿಸಾಹೇಬ್ರ ಗಾದಿ. ಕೆಳಗಿಂದು ನಿಂದು."

*

ಕೆಳಗಿನದು ಅವಳದು.

ಉಸ್ತಾದ ಮುಂದಿನ ಗಾಲಿಗಳಿಗೆ ಕಲ್ಲು ಕೊಟ್ಟ. ಹಿಂಭಾಗವನ್ನು ಜಾಕಿನಿಂದ ಎತ್ತಿ, ಚೌಕಟ್ಟಿನ ಕೆಳಗೆ ದಿಮ್ಮಿ ಇಟ್ಟ. ಸರುಬಾಯಿ ಸೀರೆಯನ್ನು ಕಚ್ಚೆ ಬಿಗಿದು, ಬೆನ್ನು ನೆಲಕ್ಕೆ ಹಚ್ಚಿ ಒಳಗೆ ಸರಿದಳು.

ಅಲ್ಲಿಂದ ಅವಳಿಗೆ ಕಾಣುತ್ತಿದ್ದದ್ದು ಎರಡು ಗಾಲಿ, ಮತ್ತು ಎರಡು ಗಾಲಿಗಳ ನಡುವೆ, ಬಿಸಿಲಲ್ಲಿ, ಮಾರುತಿಯ ಎರಡು ಪಾದ. ಪಾದದ ಮೇಲೆ ಅವನ ಬೆರಳು. ಬೇರೆ ಏನೂ ಕಾಣುತ್ತಿರಲಿಲ್ಲ. ಅದು ಸಾಕಿತ್ತು.

ಬ್ರೇಕಿನ ಸಲಾಕೆಗಳನ್ನು ಬಿಚ್ಚಿದಳು. ತುಕ್ಕು ಕಣ್ಣಿಗೆ ಬಿತ್ತು. ಒರೆಸಿಕೊಳ್ಳಲು ಕೈ ಸ್ವಚ್ಛ ಇರಲಿಲ್ಲ, ಅತ್ತು ಹೊರಹಾಕಿದಳು. ಅದು ಅಳು ಅಲ್ಲ. ಅಡ್ಡ ಪಟ್ಟಿಯನ್ನು ಅಚ್ಚಿಗೆ ಕಟ್ಟಿದ್ದ ಬೋಲ್ಟುಗಳಿಗೆ ಪಾನಾ ಹಾಕಿ ತಿರುವಿದಳು. ಮೂರು ಬಂದವು. ನಾಲ್ಕನೆಯದು ಬರಲಿಲ್ಲ. ಪಾನಾಕ್ಕೆ ಎರಡೂ ಕಾಲು ಒತ್ತಿದಳು. ಪಾನಾ ಜಾರಿ ಅವಳ ಮುಂಗೈ ಚೌಕಟ್ಟಿಗೆ ಬಡಿಯಿತು. ಗೆಣ್ಣಿನ ಚರ್ಮ ಹೋಯಿತು.

"ನಿಧಾನ," ಉಸ್ತಾದ ಆ ಕಡೆಯಿಂದ ಬಗ್ಗಿ ಹೇಳಿದ. "ಅವಸರ ಮಾಡಿದ್ರ ಬೋಲ್ಟು ಮುರೀತದ. ಮುರಿದ್ರ ಸಂಜೀ ತನಕ ಇಲ್ಲೇ."

"ಅಲ್ಲಿ ಅವನ ಬೆನ್ನು ಮುರೀತದಲ್ಲ."

"ಅದಕ್ಕ ಹೇಳಿದೆ ನಿಧಾನ ಅಂತ. ಚಿಮಣಿ ಎಣ್ಣಿ ಬಿಡು. ನೂರು ಎಣಸು."

ಅವಳು ಎಣ್ಣೆ ಬಿಟ್ಟಳು. ನೂರು ಎಣಿಸಿದಳು. ಅವಳ ಬದುಕಿನಲ್ಲಿ ಅಷ್ಟು ಉದ್ದದ ನೂರು ಬಂದಿರಲಿಲ್ಲ. ಅರವತ್ತಕ್ಕೆ ಬಂದಾಗ ಮಾರುತಿಯ ಒಂದು ಪಾದ ನಡುಗತೊಡಗಿತು. ಎಂಬತ್ತಕ್ಕೆ ಬಂದಾಗ ಅವಳ ಎದೆ ಬಿಗಿದು ಹಾಲು ಸೋರಿತು. ಮಗಳ ಹೊತ್ತು ಅದು. ಹುಮನಾಬಾದಿನಲ್ಲಿ ಸೋನಿ ಅಳುತ್ತಿರಬೇಕು. ಕುಪ್ಪಸ ತೊಯ್ದು, ಹಾಲು ಪಕ್ಕೆಗುಂಟ ಇಳಿದು, ಕೆಳಗಿನ ಎಣ್ಣೆ ಮಣ್ಣಿಗೆ ಕೂಡಿತು. ಅವಳು ನೂರು ಅಂದಳು. ಪಾನಾ ಹಾಕಿದಳು. ಬೋಲ್ಟು ಕಿರ್ ಅಂದು ಬಿಟ್ಟುಕೊಟ್ಟಿತು.

ಇನ್ನು ಉಳಿದದ್ದು ಮುಂದಿನ ಬಟ್ಟಲು. ಅಚ್ಚಿನಿಂದ ಮುಂದಕ್ಕೆ ಒಂದು ದಪ್ಪ ನಳಿಗೆ ಹೋಗುತ್ತದೆ. ಅದರ ತುದಿಯಲ್ಲಿ ಕಬ್ಬಿಣದ ದೊಡ್ಡ ಬಟ್ಟಲು. ಬಟ್ಟಲೊಳಗೆ ಕೀಲು. ಬಟ್ಟಲಿನ ಮೇಲ್ಗಡೆ ಗ್ರೀಸು ತುಂಬುವ ಬಿರಡೆ. ಆ ಬಿರಡೆಗೆ ಅವಳ ಬೆರಳು ಬಿದ್ದವು. ಬಿದ್ದು ನಿಂತವು.

ಬಿರಡೆಯ ಕೆಳಗೆ ಚರ್ಮದ ವಾಷರು ಇರಲಿಲ್ಲ. ಅದರ ಜಾಗದಲ್ಲಿ ಬಟ್ಟೆಯ ಎಳೆ ಸುತ್ತಿತ್ತು. ಅವಳು ಉಗುರಿನಿಂದ ಎಳೆದು ಬೆಳಕಿಗೆ ಹಿಡಿದಳು. ಎಣ್ಣೆ ಕುಡಿದು ಕಂದಾಗಿದ್ದರೂ ಅಂಚು ಗೊತ್ತಾಗುತ್ತಿತ್ತು. ಕೆಂಪು ಅಂಚಿನ ರೇಶಿಮೆ. ಮಡಿ ಬಟ್ಟೆಯ ಚೂರು.

ಅವಳು ಅದನ್ನು ಹಲ್ಲಿನ ನಡುವೆ ಕಚ್ಚಿಕೊಂಡು ಬಟ್ಟಲಿನ ಬೋಲ್ಟುಗಳನ್ನು ಬಿಚ್ಚಿದಳು.

"ಎಳೀರಿ," ಅಂದಳು.

ಉಸ್ತಾದ ಮತ್ತು ವಾಡೆಯ ಇಬ್ಬರು ಆಳುಗಳು ಗಾಲಿ ಹಿಡಿದು ಹಿಂದಕ್ಕೆ ಎಳೆದರು. ಅಚ್ಚು ನಳಿಗೆಯ ಸಮೇತ ಗಾಡಿಯ ಹೊಟ್ಟೆಯಿಂದ ಹೊರಗೆ ಉರುಳಿ ಬಂತು. ಮೋಟಾರು ದಿಮ್ಮಿಯ ಮೇಲೆ ಹಿಂಭಾಗ ಖಾಲಿಯಾಗಿ ಕುಳಿತುಕೊಂಡಿತು. ಸರುಬಾಯಿ ಮಲಗಿದಲ್ಲೇ ಕೈ ಎತ್ತಿ, ಗೇರುಪೆಟ್ಟಿಗೆಯ ಬಾಲಕ್ಕೆ ಉಳಿದಿದ್ದ ಕೀಲನ್ನು ಬಿಚ್ಚಿಕೊಂಡಳು. ಅದನ್ನು ಎದೆಗವಚಿ ಹೊರಗೆ ಸರಿದಳು.

*

ಕೀಲಿನ ನಾಲ್ಕು ಕೊಂಬುಗಳಲ್ಲಿ ಒಂದು ಮುರಿದಿತ್ತು. ಮುರಿದ ಕಡೆ ಕಬ್ಬಿಣ ಸುಟ್ಟು ನೀಲಿಯಾಗಿತ್ತು. ಸುತ್ತ ಕಂದು ಬಣ್ಣದ ಅಂಟು ಗಟ್ಟಿಯಾಗಿ ಮೆತ್ತಿಕೊಂಡಿತ್ತು. ಬಾಣಲೆಯ ತಳದಲ್ಲಿ ವರ್ಷಗಟ್ಟಲೆ ಹತ್ತಿದ ಎಣ್ಣೆಯ ಜಿಡ್ಡಿನ ಹಾಗೆ.

ದೇಶಮುಖರು ಕಟ್ಟೆಯಿಂದ ಇಳಿದು ಬಂದರು. ಐದು ಮಾರು ದೂರ ನಿಂತರು.

"ಬಿಳೇ ಅರಿವಿ ಕೊಡ್ರಿ," ಸರುಬಾಯಿ ಅಂದಳು. ಯಾರೂ ಕೊಡಲಿಲ್ಲ. ಉಸ್ತಾದ ತನ್ನ ತಲೆಗೆ ಸುತ್ತಿದ ರುಮಾಲು ಬಿಚ್ಚಿ ನೆಲಕ್ಕೆ ಹಾಸಿದ. ಅವಳು ಆ ಅಂಟನ್ನು ಉಗುರಿನಿಂದ ಕೆತ್ತಿ ರುಮಾಲಿನ ಮೇಲೆ ಹಾಕಿದಳು. ಚಿಮಣಿ ಎಣ್ಣೆ ಬಿಟ್ಟು ತಿಕ್ಕಿದಳು. ಅಂಟು ಕರಗಿ ಹರಡಿತು. ರುಮಾಲು ಕಂದಾಯಿತು. ಅವಳು ಅಂಗೈ ಒತ್ತಿ ಎಳೆದಳು.

"ಉಸುಕು ಎಲ್ಲಿ ಅದ, ಕಾರಭಾರಿ ಸಾಹೇಬ್ರ? ಬಂದು ಆರಸ್ರಿ."

ಬಕ್ಕಪ್ಪ ಬಗ್ಗಿ ನೋಡಿದ. ಮುಟ್ಟಲಿಲ್ಲ. "ಉಸುಕು ಇಲ್ಲ ಅಂದ್ರ ಚರಬಿ ಕಮ್ಮಿ ಹಾಕಿದಿ. ಕದ್ದು ಮಾರ್ಕೊಂಡಿ."

"ಇದು ಚರಬಿ ಅಲ್ಲ."

"ಮತ್ತೇನು?"

"ನಾ ಹೇಳಿದ್ರ ನಂಬೂದಿಲ್ಲ. ಬಲ್ಲಾಂವನ್ನ ಕೇಳ್ತೀನಿ." ಅವಳು ಒಂದು ಚೂರು ಅಂಟನ್ನು ಬೆರಳ ತುದಿಗೆ ಹಚ್ಚಿಕೊಂಡು, ಬಿಸಿಲಿಗೆ ಹೋಗಿ ಮಾರುತಿಯ ಮುಂದೆ ಕುಕ್ಕರಿಸಿದಳು. ಈ ಸಲ ಬಕ್ಕಪ್ಪ ಚಬಕ ಅಡ್ಡ ಹಿಡಿಯಲಿಲ್ಲ. ಮಾರುತಿಯ ಮುಖ ರಕ್ತ ಇಳಿದು ಊದಿತ್ತು. ಕಣ್ಣು ಕೆಂಪಾಗಿದ್ದವು. ಅವಳು ಬೆರಳನ್ನು ಅವನ ಮೂಗಿಗೆ ಹಿಡಿದಳು.

ಮಾರುತಿ ಉಸಿರೆಳೆದುಕೊಂಡ. ತುಟಿ ಒಡೆದಿತ್ತು.

"ರೋಗನ್," ಅಂದ.

ಬಾವಿಯ ಮೊಟ್ಟೆ ನೀರು ಕುಡಿದು ಕೊಳೆಯಬಾರದು ಎಂದು ಮಾದರ ಕೇರಿಯಲ್ಲಿ ಕುಸುಬಿ ಎಣ್ಣೆಯನ್ನು ಮಡಿಕೆಯಲ್ಲಿಟ್ಟು ಕಾಸುತ್ತಾರೆ. ಕಾದು ಕಾದು ಅದು ಅಂಟಾಗುತ್ತದೆ. ಅದೇ ರೋಗನ್. ಚಕ್ಕಳಕ್ಕೆ ಹಚ್ಚಿದರೆ ಕಲ್ಲಿನ ಹಾಗೆ ಕೂಡುತ್ತದೆ. ಕೇರಿಯ ಮಕ್ಕಳಿಗೂ ಆ ವಾಸನೆ ಗೊತ್ತು. ವಾಡೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅವರಿಗೆ ಕುಸುಬಿ ಎಣ್ಣೆ ಎಂದರೆ ಒಗ್ಗರಣೆ.

ಸರುಬಾಯಿ ಎದ್ದು ನಿಂತಳು. "ಕೀಲಿನಾಗ ನಾ ತುಂಬಿದ ಚರಬಿ ಇಲ್ಲ. ಯಾರೋ ಬಿರಡೆ ಬಿಚ್ಚಿ ತೊಳದು ತಗದಾರ. ಕುಸುಬಿ ಎಣ್ಣಿ ಸುರಿದಾರ. ಅರ್ಧ ಸೋರೇದ. ಉಳಿದದ್ದು ಕಾದು ಅಂಟು ಆಗೇದ. ಕೀಲು ತಿರಗಲಾರದ ಸುಟ್ಟು ಮುರದದ. ನನ್ನ ಗಂಡನ ವಾಷರೂ ತಗದಾರ. ಅದರ ಜಾಗಾದಾಗ ಇದು ಇತ್ತು." ಹಲ್ಲಿನಿಂದ ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ರೇಶಿಮೆಯ ಚೂರನ್ನು ಎತ್ತಿ ಹಿಡಿದಳು. "ಈ ಅರಿವಿ ನಮ್ಮ ಕೇರ್‍ಯಾಗ ಯಾರೂ ಉಡಂಗಿಲ್ಲ. ಯಾರ ಮಡಿ ಅರಿವಿ ಇದು?"

ಗಾಡಿ ಓಡಿಸುವ ಮಾಣಿಕಪ್ಪ ಗೋಡೆಗೆ ಆತುಕೊಂಡು ನಿಂತಿದ್ದ. ದೇಶಮುಖರು ಅವನನ್ನು ನೋಡಿದರು. ಅವನು ತನ್ನ ಕಾಲು ನೋಡಿಕೊಂಡ.

"ನಾನೇ ಹಾಕಿಸಿದೆ."

ದನಿ ಪಡಸಾಲೆಯ ಬಾಗಿಲಿನಿಂದ ಬಂತು. ಆಯಿಸಾಹೇಬರು ಹಣೆಗೆ ಪಟ್ಟಿ ಕಟ್ಟಿಕೊಂಡು ಹೊಸ್ತಿಲ ಒಳಗೆ ನಿಂತಿದ್ದರು. ದೇಶಮುಖರ ತಾಯಿ. ದನಿಯಲ್ಲಿ ನಾಚಿಕೆ ಇರಲಿಲ್ಲ, ಅಂಜಿಕೆಯೂ ಇರಲಿಲ್ಲ.

"ಮಾದರಾಕಿ ಕೈಯಿಂದ ದನದ ಚರಬಿ, ಮ್ಯಾಲ ಚಕ್ಕಳ. ಅದರ ಮ್ಯಾಲ ಕುಂತು ನಾ ದೇವಿ ದರ್ಶನಕ್ಕ ಹೋಗ್ಲೇನು? ಮಾಣಿಕಪ್ಪನ ಕಡಿಂದ ತೊಳಿಸಿ ನಮ್ಮ ಗಾಣದ ಶುದ್ಧ ಎಣ್ಣಿ ಹಾಕಿಸಿದೆ. ಅದ್ರಾಗೇನು ತಪ್ಪದ?"

"ಮತ್ತ ಇವನ ಬೆನ್ನ ಮ್ಯಾಲ ಕಲ್ಲು ಯಾಕ್ರಿ?" ಸರುಬಾಯಿ ಕೇಳಿದಳು.

ಅವಳ ಕೂಡ ನೇರವಾಗಿ ಮಾತಾಡುವುದು ಆಯಿಸಾಹೇಬರಿಗೆ ರೂಢಿ ಇರಲಿಲ್ಲ. ಮಗನ ಕಡೆ ನೋಡಿ, "ಆ ಹೆಂಗಸಿನ ಬಾಯಿ ಭಾಳ ಉದ್ದ ಅದ," ಅಂದರು. ಒಳಗೆ ಹೋದರು.

ನಿನ್ನೆಯಿಂದ ಆ ಬಾಗಿಲಿಗೆ ಕಲ್ಲು ಕಾಣುತ್ತಿತ್ತು. ಹೊತ್ತವನೂ ಕಾಣುತ್ತಿದ್ದ. ಉಸುಕು ಇಲ್ಲ ಎಂದು ಗೊತ್ತಿದ್ದವರು ಆ ಬಾಗಿಲಲ್ಲೇ ಕುಳಿತು ಅವಲಕ್ಕಿ ತಿಂದಿದ್ದರು.

ದೇಶಮುಖರು ನಕ್ಕರು. ಮನೆಯೊಳಗೆ ಹಾಲು ಉಕ್ಕಿದ್ದಕ್ಕೆ ನಕ್ಕ ಹಾಗೆ. "ಮುಗೀತಲ್ಲ? ಉಸುಕು ಇಲ್ಲ. ಹೋಗ್ಲಿ. ಜಹೀರುದ್ದೀನ್, ಕೊಂಬು ಬೆಸೆದು ಕೀಲು ಹೊಂದಸು. ಏ ಹೆಂಗಸ, ಛಲೋ ಚರಬಿ ತುಂಬು. ಅಚ್ಚು ಕೂಡಿಸಿ ಸಂಜಿಕ್ಕ ನಿನ್ನ ಗಂಡನ್ನ ಕರಕೊಂಡು ಹೋಗು. ಮಾಫ್ ಮಾಡೀವಿ."

"ಯಾರು ಯಾರಿಗೆ ಮಾಫ್ ಮಾಡಿದ್ರಿ?"

ಉಸ್ತಾದ ಅವಳ ಹೆಸರು ಹೇಳಿದ, ಮೆಲ್ಲಗೆ. ಅವಳು ಕೇಳಿಸಿಕೊಂಡಳು. ನಿಲ್ಲಲಿಲ್ಲ.

ಅವಳು ಹೋಗಿ ಗ್ರೀಸಿನ ಡಬ್ಬಿಯ ಮುಚ್ಚಳ ತೆಗೆದಳು. ದೇಶಮುಖರು ತೃಪ್ತಿಯಿಂದ ಕಟ್ಟೆಯ ಕಡೆ ತಿರುಗಿದರು. ಅವಳು ಎರಡೂ ಕೈ ಡಬ್ಬಿಗೆ ಹಾಕಿದಳು. ಬೆರಳಿಗಲ್ಲ, ಮಣಿಕಟ್ಟಿಗಲ್ಲ, ಮೊಣಕೈವರೆಗೆ ಬಳಿದುಕೊಂಡಳು. ಕೈ ಎರಡೂ ಕರಿ ಮಿರುಗಿದವು. ಆಮೇಲೆ ಅವಳು ಕೀಲಿನ ಕಡೆ ಹೋಗಲಿಲ್ಲ. ಮಾರುತಿಯ ಕಡೆ ನಡೆದಳು.

ದಾರಿಯಲ್ಲಿದ್ದ ಆಳು ಪಕ್ಕಕ್ಕೆ ಸರಿದ. ಇನ್ನೊಬ್ಬ ಎರಡು ಹೆಜ್ಜೆ ಹಿಂದೆ ಹೋದ. ಚರಬಿ ಹತ್ತಿದರೆ ಮೂರು ಸಲ ಸ್ನಾನ ಎಂದು ವಾಡೆಯಲ್ಲಿ ಕಟ್ಟಳೆ. ಆ ಕಟ್ಟಳೆ ಮಾಡಿದ ಆಯಿಸಾಹೇಬರು ಒಳಗಿದ್ದರು.

ಅವಳು ಬಗ್ಗಿ ಕಲ್ಲಿನ ಕೆಳಗೆ ಕೈ ಕೊಟ್ಟು ಎತ್ತಿಕೊಂಡಳು. ಮಾರುತಿ ಮುಂದಕ್ಕೆ ಬಿದ್ದ. ಮೊಣಕೈ ಊರಿ ಹಾಗೇ ನೆಲದಲ್ಲಿ ಕುಳಿತ. ಬೆನ್ನು ನೆಟ್ಟಗಾಗಲಿಲ್ಲ. ಕಲ್ಲು ಭಾರವಿತ್ತು. ಸರುಬಾಯಿ ಅದನ್ನು ಹೊಟ್ಟೆಗೆ ಆನಿಸಿಕೊಂಡು, ತುಂಬಿದ ತಿಂಗಳಲ್ಲಿ ನಡೆದಿದ್ದ ಹಾಗೆ, ಹಿಂದಕ್ಕೆ ವಾಲಿ ಮೋಟಾರಿನ ಕಡೆ ನಡೆದಳು.

"ಏ, ಎಲ್ಲಿಗೆ?" ಬಕ್ಕಪ್ಪ ಚಬಕ ಬೀಸಿದ. ಅದು ಅವಳ ತೋಳಿಗೆ ಸುತ್ತಿಕೊಂಡಿತು. ಅವಳು ಕಲ್ಲು ಬಿಡಲಿಲ್ಲ. ಅವನು ಚಬಕ ಎಳೆದುಕೊಂಡ. ಅದರ ತುಂಬ ಕರಿ ಚರಬಿ. ಅವನ ಅಂಗೈಗೆ, ಧೋತರಕ್ಕೆ ಹತ್ತಿತು. ಅವನು ಹಾವು ಬಿಟ್ಟ ಹಾಗೆ ಅದನ್ನು ನೆಲಕ್ಕೆ ಒಗೆದ.

ಅವಳು ಮೆಟ್ಟಿಲ ಮೇಲೆ ಕಾಲಿಟ್ಟಳು. ಹಸಿರು ಬಣ್ಣದ ಬಾಗಿಲನ್ನು ಭುಜದಿಂದ ನೂಕಿದಳು. ಕೆಂಪು ಮಕಮಲ್ಲಿನ ಗಾದಿಯ ನಟ್ಟನಡುವೆ, ಆಯಿಸಾಹೇಬರು ಕೂಡುವ ಜಾಗದಲ್ಲಿ, ಬೀಸುಕಲ್ಲಿನ ಹೋಳನ್ನು ಇಟ್ಟಳು. ಕಲ್ಲು ಗಾದಿಯೊಳಗೆ ಇಳಿಯಿತು. ಅವಳ ಎರಡು ಕೈಗಳ ಗುರುತು ಮಕಮಲ್ಲಿನ ಮೇಲೆ ಹತ್ತು ಬೆರಳಾಗಿ ಉಳಿಯಿತು.

ಇಳಿದು ಬಂದು ದೇಶಮುಖರ ಎದುರು ನಿಂತಳು.

"ಕಲ್ಲು ಇಟ್ಟೀನಿ. ನಿಮ್ಮ ಪೈಕಿ ಮಡಿವಂತ್ರು ಯಾರಾರ ಇದ್ರ ತಗೀರಿ. ಕೀಲಿಗೆ ಕೈ ಹೋಗೂದು ನಂದೊಂದೇ. ಅದು ಇನ್ನ ಹೋಗಂಗಿಲ್ಲ."

"ಜಹೀರುದ್ದೀನ್," ದೇಶಮುಖರ ದನಿ ಬದಲಾಗಿತ್ತು. "ಅಚ್ಚು ಕೂಡಿಸು."

ಉಸ್ತಾದ ಪಾನಾಗಳನ್ನು ಒಂದೊಂದಾಗಿ ಒರೆಸಿ ಚೀಲಕ್ಕೆ ಹಾಕುತ್ತಿದ್ದ. ಅವನು ಮುಷ್ಟಿ ಎತ್ತಿ ತೋರಿಸಿದ. "ನನ್ನ ಕೈ ದೊಡ್ಡದು, ಸರಕಾರ್. ಒಳಗ ಹೋಗಂಗಿಲ್ಲ."

ಸರುಬಾಯಿ ಮಾರುತಿಯ ಕಂಕುಳಿಗೆ ಕೈ ಕೊಟ್ಟು ಎಬ್ಬಿಸಿದಳು. ಬಕ್ಕಪ್ಪ ಎಳೆದ ಗೆರೆ ಅಂಗಳದಲ್ಲಿ ಹಾಗೇ ಇತ್ತು. ಅವರು ಅದರ ಮೇಲೆಯೇ ನಡೆದರು, ಕಾಲಿನಿಂದ ಅಳಿಸುತ್ತ. ಅಗಸೆ ಮುಚ್ಚಿತ್ತು. ಮಾಣಿಕಪ್ಪ ಗೋಡೆ ಬಿಟ್ಟು ಬಂದು ಅಗಳಿ ತೆಗೆದ.

*

ಆ ಗಾಡಿ ಹುಣಸೆ ಮರದ ಕೆಳಗೆ ಹಾಗೇ ನಿಂತಿತು. ಅಚ್ಚು ಒಂದು ಕಡೆ, ಗಾಡಿ ಒಂದು ಕಡೆ. ವಾಡೆಯ ಆಳುಗಳು ಕಲ್ಲಿಗೆ ಕೈ ಹಚ್ಚಲಿಲ್ಲ. ಕಲ್ಯಾಣದ ಮಾದರ ಕೇರಿಗೆ ಕರೆ ಹೋಯಿತು. ಒಬ್ಬನಿಗೆ ಸೊಂಟ ಹಿಡಿದಿತ್ತು. ಇನ್ನೊಬ್ಬನಿಗೆ ತೋಳು ಎತ್ತಲು ಬರುತ್ತಿರಲಿಲ್ಲ. 'ನನಗ ಕಲ್ಲು ಕಂಡ್ರ ಚಳಿ ಬರ್ತದ' ಎಂದು ಒಬ್ಬ ಮುದುಕಿ ಕಂಬಳಿ ಹೊದ್ದು ಮಲಗಿದಳು. ಆ ವಾರ ಕೇರಿಯಲ್ಲಿ ಎಲ್ಲರಿಗೂ ಬೆನ್ನು ನೋವು.

ಉಸ್ತಾದನ ಕಾರ್ಖಾನೆಗೆ ಬರುತ್ತಿದ್ದ ಎರಡು ದೊಡ್ಡವರ ಗಾಡಿಗಳು ನಿಂತುಹೋದವು. ಬೀಬಿಜಾನ ಅದಕ್ಕೆ, "ಸರ್ವಿಸ್ ಮೋಟಾರು ಅದಾವಲ್ಲ, ಅವು ಮುರೀತಿರ್ತಾವ," ಅಂದಳು. ಮಾರುತಿಯ ಬೆನ್ನಿನ ಗಾಯಕ್ಕೆ ಅವಳೇ ಅರಿಶಿನ ಅರೆದು ಕಳಿಸಿದಳು. ಗಾಯ ಮಾಯಿತು. ಬೆನ್ನು ಪೂರ್ತಿ ನೆಟ್ಟಗಾಗಲಿಲ್ಲ. ಅದನ್ನೂ ಇಲ್ಲಿ ಬರೆಯಬೇಕು.

ಹನ್ನೆರಡನೆಯ ದಿನ ಮಾಣಿಕಪ್ಪ ಹುಮನಾಬಾದಿಗೆ ಬಂದ. ಬೇವಿನ ಗಿಡದ ಕೆಳಗೆ ಸರುಬಾಯಿ ಮಗುವಿಗೆ ಹಾಲು ಕುಡಿಸುತ್ತಿದ್ದಳು. ಆಗತಾನೆ ಗಾಡಿಯ ಕೆಳಗಿನಿಂದ ಎದ್ದು ಬಂದಿದ್ದಳು. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಿರಲಿಲ್ಲ. ಒಂದು ಕೈ ಮಗುವಿನ ತಲೆಯ ಕೆಳಗಿತ್ತು, ಇನ್ನೊಂದು ಕೆನ್ನೆಯ ಮೇಲೆ. ಮಗು ಒಂದು ಸಲ ಮುಖ ತಿರುವಿತು. ಅವಳು ಕೈ ತೆಗೆಯಲಿಲ್ಲ. ಮಗು ಮತ್ತೆ ಬಾಯಿ ಹಚ್ಚಿತು.

ಮಾಣಿಕಪ್ಪ ದೂರ ನಿಂತು ಹೇಳಿದ. "ಧಣ್ಯಾರು ಹೇಳಿ ಕಳಸ್ಯಾರ. ಮೂಗು ತಿಕ್ಕೂದು ಬ್ಯಾಡ. ಏನೂ ಬ್ಯಾಡ. ಬಂದು ಆ ಕಲ್ಲೊಂದು ಇಳಿಸಿ, ಅಚ್ಚು ಕೂಡಿಸಿ ಹೋಗಬೇಕಂತ. ಗಾದಿ ಒಳಗಿನ ಸ್ಪ್ರಿಂಗು ಕುಸದಾವ."

"ಆಯಿಸಾಹೇಬ್ರು ಬಂದು ನನ್ನ ಗಂಡನ ಬೆನ್ನು ನೋಡ್ಲಿ. ನೋಡಿ ತಪ್ಪಾತು ಅನ್ಲಿ. ಆಮ್ಯಾಲ ಬರ್ತೀನಿ."

"ಅದು ಆಗೂ ಮಾತಲ್ಲ, ಸರುಬಾಯಿ."

"ಹಂಗಾದ್ರ ಕಲ್ಲು ಅಲ್ಲೇ ಇರ್ಲಿ," ಅಂದಳು. ಮಗುವಿನ ಕೆನ್ನೆಗೆ ಹತ್ತಿದ ಕರಿಯನ್ನು ಸೆರಗಿನಿಂದ ಒರೆಸಿದಳು. "ನನ್ನ ಗಂಡ ಹೊತ್ತಾನ. ಈಗ ಗಾದಿ ಹೊರಲಿ."